ಗಾಡಿ ನಿಂತರೆ ದೀಪ ಆರಿಸು

ಹೇಳಿದ ಮಾತು ಕೇಳುವ ಮಗ ಬೇಕೆಂದು ಹರಕೆ ಹೊರುವವರು ಮೊದಲು ನವಲಗುಂದದ ನೀಲವ್ವನನ್ನು ಕಂಡು ಬರಬೇಕು. ಅವಳ ಮಗ ಗದಿಗೆಪ್ಪ ಅವ್ವನ ಒಂದು ಮಾತೂ ಮೀರಿದವನಲ್ಲ. ಮನೆಯಲ್ಲಿದ್ದದ್ದು ತೀರಿಹೋದ ಗಂಡನ ಮುದಿ ಬಾಡಿಗೆ ಕಾರು. ಎದೆಯಲ್ಲಿದ್ದದ್ದು ಒಂದೇ ಆಸೆ: ಬುದ್ಧಿಯಿರುವ ಸೊಸೆಯೊಬ್ಬಳು ಹೊಸ್ತಿಲು ದಾಟಿ ಬರಲಿ.

ಒಂದು ದಿನ ಗದಿಗೆಪ್ಪ ಸಂತೆಯಲ್ಲಿ ಕಾರು ನಿಲ್ಲಿಸಿದ. ಹೆಡ್‌ಲೈಟು ಉರಿಯುತ್ತಲೇ ಇತ್ತು. ಸಂಜೆಗೆ ಬ್ಯಾಟರಿ ಸತ್ತಿತ್ತು.

"ಥೂ ನಿನ್ನ! ಗಾಡಿ ನಿಂತ್ರ ದೀಪಾ ಆರಿಸಬೇಕೋ!"

"ಆತ ಬಿಡಬೇ ಯವ್ವಾ!"

ಮರುದಿನ ಬಾಡಿಗೆ ಸಿಕ್ಕಿದ್ದು ಗೃಹಪ್ರವೇಶಕ್ಕೆ. ಗಾಡಿ ನಿಂತಿತು. ಗದಿಗೆಪ್ಪ ಸೀದಾ ದೇವರ ಕೋಣೆಗೆ ನುಗ್ಗಿ, ಉಫ್, ಉಫ್, ನಂದಾದೀಪ ಆರಿಸಿದ. ಯಜಮಾನಿ ಸೌಟು ಹಿಡಿದು ಅಟ್ಟಿಸಿಕೊಂಡು ಬಂದಳು. ಸುದ್ದಿ ಕೇಳಿ ನೀಲವ್ವ ಹಣೆ ಚಚ್ಚಿಕೊಂಡಳು.

"ಮಂದಿ ದೀಪಾ ಯಾಕ ಮುಟ್ಟಿದ್ಯೋ? ಆರಿಸೂದಿದ್ರ ನಮ್ಮದನ್ನ ಆರ್ಸು! ಬ್ಯಾಟರಿಗೆ ಬಿಳೇ ಬೂಷ್ಟ ಹಿಡದೈತಿ, ಕರೆಂಟ್ ಹೆಂಗ ಹರೀತೈತಿ? ಬಿಳೇದು ಕಂಡ್ರ ಬಿಸಿನೀರ ಹಾಕಿ ತಿಕ್ಕು!"

"ಆತ ಬಿಡಬೇ ಯವ್ವಾ!"

ಆಮೇಲೆ ಕಾರು ಹತ್ತಿದ್ದು ಬಯಲಾಟದ ದ್ರೌಪದಿ. ಮೀಸೆ ಮುಚ್ಚುವಷ್ಟು ಬಿಳಿ ಬಣ್ಣ ಮೆತ್ತಿಕೊಂಡು ಕೂತಿದ್ದ. ದಾರಿಯ ಚಹಾದಂಗಡಿಯಲ್ಲಿ ಗದಿಗೆಪ್ಪ ಬಿಸಿನೀರು ಇಸಿದುಕೊಂಡ. ತಿಕ್ಕಿದ, ತಿಕ್ಕಿದ, ಮೀಸೆ ಕಾಣುವ ತನಕ ತಿಕ್ಕಿದ! ಅವತ್ತು ದ್ರೌಪದಿಯನ್ನು ನೋಡಿ ದುಶ್ಶಾಸನನೇ ಹೆದರಿ ಹಿಂದೆ ಸರಿದನಂತೆ.

"ಅಯ್ಯೋ ನನ್ನ ಕರ್ಮವೇ! ಮಾರಿ ತಿಕ್ಕಬ್ಯಾಡೋ! ಗಾಡಿ ಏಳಲಿಲ್ಲಂದ್ರ ಮಗ್ಗಲ ಮನೀ ಟ್ರ್ಯಾಕ್ಟರ್ ಬ್ಯಾಟರಿ ತಂದು ವೈರ್ ಜೋಡ್ಸು. ಕೆಂಪಿಗೆ ಕೆಂಪು, ಕರೀದಕ್ಕ ಕರೀದು."

ಜೋಡಿಸಿದ. ಕಾರು ಗುರ್ರ್ ಎಂದಿತು. ಗದಿಗೆಪ್ಪ ಹಾಗೇ ಹೊರಟ. ಟ್ರ್ಯಾಕ್ಟರಿನ ಬ್ಯಾಟರಿ ವೈರು ಹಿಡಿದುಕೊಂಡು ಅಣ್ಣಿಗೇರಿಯವರೆಗೂ ಧಡಧಡ ಹಿಂದೆಯೇ ಬಂತು.

"ಚಾಲೂ ಆದ ಕೂಡ್ಲೆ ಗಂಟ ಬಿಚ್ಚಬೇಕೋ ಮಂಗ್ಯಾ! ಯಾರದೋ ಅವರಿಗೆ ಮರಳಿಸಿ, ಉಪಕಾರ ಆತು ಅಂತ ಹೇಳಿ ಬರಬೇಕು!"

"ಆತ ಬಿಡಬೇ ಯವ್ವಾ!"

ಇಂಥವನಿಗೂ ಹೆಣ್ಣು ಸಿಕ್ಕಿತು. ಅಣ್ಣಿಗೇರಿಯ ಅಡಿವೆಪ್ಪನ ಮಗಳು ಸಾಂತವ್ವ, ಬಲು ಚೂಟಿ. ತಾಳಿ ಬಿತ್ತು, ಶಲ್ಯಕ್ಕೂ ಸೆರಗಿಗೂ ಗಂಟು ಬಿತ್ತು. ಸೊಸೆಯನ್ನು ಮನೆ ತುಂಬಿಸಿಕೊಳ್ಳಲು ನೀಲವ್ವ ಬಸ್ಸು ಹಿಡಿದು ಮುಂಚೆಯೇ ಊರಿಗೆ ಓಡಿದಳು.

ಇತ್ತ ಮದುಮಕ್ಕಳ ಕಾರು ಏಳಲೊಲ್ಲದು. ಕಟ್, ಕಟ್, ಅಷ್ಟೇ. ಸಾಂತವ್ವ ಬಾಸಿಂಗ ಸರಿಸಿ ಬಾನೆಟ್ಟಿನೊಳಗೆ ಇಣುಕಿದಳು.

"ವೈರ್ ಸಡ್ಲ ಆಗೇತಲ್ರೀ! ಪಾನಾ ಕೊಡ್ರಿ ಇಲ್ಲಿ!"

ಪಾನಾ ಹಾಕಿ ನಟ್ಟು ಬಿಗಿದಳು. ಗುರ್ರ್!

"ಭಲೇ ಜಾಣಿ!" ಎಂದಿತು ಮದುವೆಮನೆ.

ಚಾಲೂ ಆಯಿತಲ್ಲ! ಗದಿಗೆಪ್ಪ ಶಲ್ಯ-ಸೆರಗಿನ ಗಂಟು ಬಿಚ್ಚಿದ. ಸಾಂತವ್ವನ ಕೈ ಹಿಡಿದು ಮಾವನ ಮುಂದೆ ನಿಲ್ಲಿಸಿದ.

"ಗಾಡಿ ಚಾಲೂ ಆತ್ರಿ ಮಾಮಾ. ನಿಮ್ಮದು ನೀವ ಇಟ್ಕೊಳ್ರಿ. ಭಾಳ ಉಪಕಾರ ಆತು!"

ಅಡಿವೆಪ್ಪ ಬಾಯಿ ಮುಚ್ಚುವಷ್ಟರಲ್ಲಿ ಕಾರು ಊರು ದಾಟಿತ್ತು.

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ನೀಲವ್ವನ ಕೈಯಲ್ಲಿ ಆರತಿ. ಕಾರಿನಿಂದ ಇಳಿದವನು ಒಬ್ಬನೇ.

"ಸೊಸಿ ಎಲ್ಲೋ?"

"ನೀ ಹೇಳಿದಂಗ ಮರಳಿಸಿ ಬಂದ್ನಿ, ಯವ್ವಾ!"

ಗದಿಗೆಪ್ಪ ಅವ್ವನ ಕೈಯ ಆರತಿಯನ್ನೇ ನೋಡಿದ. ಗಾಡಿಯೇನೋ ನಿಂತಿದೆ. ದೀಪ ಮಂದಿಯದಲ್ಲ, ನಮ್ಮದೇ.

ಉಫ್!