ಹನ್ನೊಂದು ಕೌದಿಗಳ ಕೋಣೆ

"ಮಾಸ್ತರ್, ಮೊದಲು ಮೈಕು ಕೊಳ್ಳಲೋ, ಸ್ಪೀಕರು ಕೊಳ್ಳಲೋ?"

ಕೇಳಿದವನು ನಿಂಗರಾಜ, ಅಂಚೆ ಕಚೇರಿಯ ಗುಮಾಸ್ತ. ಮನೆಯಲ್ಲೇ ತನ್ನ ತಾಯಿಯ ಹಾಡು ರೆಕಾರ್ಡ್ ಮಾಡಿ, ಅದಕ್ಕೆ ವಾದ್ಯ ಸೇರಿಸಿ ಹೊರತರುವ ವಿದ್ಯೆ ಕಲಿಯಬೇಕೆಂದು ಏಳು ತಿಂಗಳಿಂದ ಪ್ರತಿ ಭಾನುವಾರ ದಾವಲಸಾಬ್ ಮಾಸ್ತರರಲ್ಲಿಗೆ ಬರುತ್ತಿದ್ದ. ಮಾಸ್ತರರು ಹಿಂದೆ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವರು. ಈಗ ಅದೇ ಅಂಗಡಿಯ ಹಿಂಬದಿಯಲ್ಲಿ ಒಂದು ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡು, ಬಂದವರಿಗೆ ಕಲಿಸುತ್ತಿದ್ದರು.

"ಇಲ್ಲಿಯವರೆಗೆ ಎಷ್ಟು ಹಾಡು ಮಾಡಿದೆ?" ಎಂದು ಮಾಸ್ತರರು ಕೇಳಿದರು.

"ಒಂದೂ ಇಲ್ಲ ಮಾಸ್ತರ್. ಎಲ್ಲ ಸಜ್ಜಾಗಲಿ, ಆಮೇಲೆ ಶುರು ಮಾಡೋಣ ಅಂತ."

ಮಾಸ್ತರರು ಕೈಯಲ್ಲಿದ್ದ ವೈರನ್ನು ಸುತ್ತಿ ಬದಿಗಿಟ್ಟರು. "ಹಾಗಾದರೆ ಕೂತುಕೋ," ಎಂದು ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಗಟ್ಟಿ ಆಸಾಮಿ. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಕೈ ಸುಟ್ಟುಕೊಂಡವನಲ್ಲ. ಅವನಿಗೊಂದು ನಿಯಮವಿತ್ತು: ಕಪಾಟು ತುಂಬುವ ತನಕ ಅಂಗಡಿಯ ಬಾಗಿಲು ತೆಗೆಯಬಾರದು. ಅರ್ಧ ಖಾಲಿ ಕಪಾಟು ಕಂಡ ಗಿರಾಕಿ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ದೀಪಾವಳಿಗೆ ಮಾಲು ಎರಡು ದಿನ ತಡವಾದರೆ ಎರಡು ದಿನ ಬಾಗಿಲು ಹಾಕಿಕೊಂಡೇ ಕೂರುತ್ತಿದ್ದ. ಎದುರು ಅಂಗಡಿಯವರು ನಗುತ್ತಿದ್ದರು. ಮೂರನೆಯ ದಿನ ಗಿರಾಕಿಗಳೆಲ್ಲ ಇವನಲ್ಲಿಗೇ ಬರುತ್ತಿದ್ದರು.

ಅವನ ಮನೆಯಲ್ಲಿ ಒಬ್ಬ ಸೋದರತ್ತೆ ಇದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ತಮ್ಮನೂ ಹೋದ ಮೇಲೆ ತಮ್ಮನ ಮಗನಲ್ಲಿ ಉಳಿದಿದ್ದಳು. ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳನ್ನು ಜೋಡಿಸಿಕೊಂಡು ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಹೊಲಿಯುವಾಗ ಹಾಡುತ್ತಿದ್ದಳು. ಒಂದು ಹೊಲಿಗೆಗೆ ಒಂದು ಮಾತು. ದಾರ ಮುಗಿದರೆ ಹಾಡು ನಿಲ್ಲುತ್ತಿತ್ತು. ಸೂಜಿಗೆ ಮತ್ತೆ ದಾರ ಏರಿದಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು. ಅವು ಅವಳ ಗಂಡನ ಊರಿನ ಹೆಂಗಸರು ಒಂದೇ ಕೌದಿಯ ಸುತ್ತ ಕೂತು ಹಾಡುತ್ತಿದ್ದ ಹಾಡುಗಳು. ಆ ಹೆಂಗಸರು ಒಬ್ಬೊಬ್ಬರಾಗಿ ಹೋಗಿದ್ದರು. ಅವರ ಸೊಸೆಯಂದಿರು ಅಂಗಡಿಯ ಕಂಬಳಿ ಹೊದೆಯುತ್ತಿದ್ದರು. ಈಗ ಆ ಹಾಡುಗಳು ಬರುತ್ತಿದ್ದುದು ಅತ್ತೆಯೊಬ್ಬಳಿಗೇ.

ಇದು ಒಂದು ದಿನ ವ್ಯಾಪಾರಿಗೆ ಹೊಳೆಯಿತು. ಅತ್ತೆ ಹೋದರೆ ಹಾಡು ಹೋಯಿತು. ಅದನ್ನು ಹಿಡಿದಿಡಬೇಕು, ಹಿಡಿದರೆ ನಾಲ್ಕು ಜನ ಮೆಚ್ಚುವ ಹಾಗೆ ಹಿಡಿಯಬೇಕು ಎಂದುಕೊಂಡ. ಒಳ್ಳೆಯ ಕಂಪ್ಯೂಟರು ತಂದ, ಒಳ್ಳೆಯ ಮೈಕು ತಂದ. ಮೈಕನ್ನು ಡಬ್ಬಿಯಿಂದ ಹೊರಗೆ ತೆಗೆಯಲಿಲ್ಲ. ಮೊದಲು ಕೋಣೆ ಆಗಬೇಕು ಎಂದು ಮೊಬೈಲಿನಲ್ಲಿ ಪಾಠ ಹೇಳುವವರು ಹೇಳಿದ್ದರು. ಬರಿ ಗೋಡೆಗೆ ದನಿ ಬಡಿದು ವಾಪಸು ಬರುತ್ತದೆ, ದಪ್ಪ ಬಟ್ಟೆ ಇಳಿಬಿಡಿ, ಚಪ್ಪಾಳೆ ತಟ್ಟಿ ನೋಡಿ, ತಟ್ಟಿದ ಸದ್ದು ತಟ್ಟಿದಲ್ಲೇ ಸತ್ತರೆ ಕೋಣೆ ಸಿದ್ಧ ಎಂದಿದ್ದರು.

ಪಡಸಾಲೆಗೆ ತಾಗಿದ ಕೋಣೆಯನ್ನು ಖಾಲಿ ಮಾಡಿಸಿದ. ಅತ್ತೆಯ ಹತ್ತಿರ ಹೋಗಿ, "ಅತ್ತಿ, ನಾಕೂ ಗ್ವಾಡಿ ತುಂಬ ಕೌದಿ ಬೇಕು," ಎಂದ.

"ಯಾಕೋ ತಮ್ಮಾ, ಗ್ವಾಡಿಗೆ ಚಳಿ ಹತ್ತೇತೇನು?" ಎಂದಳು ಅತ್ತೆ. ನಕ್ಕಳು. ಸೂಜಿಗೆ ದಾರ ಏರಿಸಿದಳು.

ಒಂದೊಂದು ಕೌದಿಗೆ ಎರಡೆರಡು ತಿಂಗಳು ಹಿಡಿಯುತ್ತಿತ್ತು. ಪ್ರತಿ ಕೌದಿ ಗೋಡೆಗೇರಿದ ದಿನ ವ್ಯಾಪಾರಿ ಬಾಗಿಲು ಹಾಕಿಕೊಂಡು, ಮೊಬೈಲನ್ನು ನಡುವೆ ಇಟ್ಟು ಒಂದು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡುತ್ತಿದ್ದ. ಅದಕ್ಕೆ ನಂಬರು ಹಾಕಿ ಇಡುತ್ತಿದ್ದ. ಬಟ್ಟೆಯವನಿಗೆ ನಮೂನೆಯ ತುಂಡು ಎಸೆದು ಅಭ್ಯಾಸವಿಲ್ಲ. ಆಮೇಲೆ ಹೆಡ್‌ಫೋನು ಹಾಕಿಕೊಂಡು ಕೇಳುತ್ತಿದ್ದ. ಚಪ್ಪಾಳೆಯ ಹಿಂದೆ ಹೊರಗಿನ ಸದ್ದು ಇರುತ್ತಿತ್ತು. "ಇನ್ನೂ ಒಳಗ ಬರಾಕತ್ತೇತಿ," ಎಂದು ತಲೆ ಕೊಡವಿ ಇನ್ನೊಂದು ಕೌದಿಗೆ ಹೇಳುತ್ತಿದ್ದ.

ಒಮ್ಮೆ ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಅತ್ತಿ ದಿನಾ ಹಾಡಾಕತ್ತಾರ. ಆ ಮೊಬೈಲ್‌ನಾಗ ಹಿಡೀರಿ. ಕೋಣಿ ಆಮ್ಯಾಲ ಆಗಲಿ," ಎಂದಳು.

"ನಾ ಏನು ಸಂತ್ಯಾಗ ಗೋಣಿಚೀಲ ಹಾಸಿ ಮಾರಾಂವೇನು?" ಎಂದ ವ್ಯಾಪಾರಿ.

ಅವಳು ಮತ್ತೆ ಹೇಳಲಿಲ್ಲ. ಬರಬರುತ್ತ ಊಟಕ್ಕೆ ಕರೆಯುವುದನ್ನೂ ಬಿಟ್ಟಳು. ಕರೆದರೆ ಒಳಗೆ ಕೇಳಿಸುತ್ತಿರಲಿಲ್ಲ. ತಾಟು ಮುಚ್ಚಿಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತೆಲ್ಲ ಅವನು ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಗೋಡೆಯ ಆಚೆ ಅತ್ತೆ ಒಬ್ಬಳೇ ಕೂತು ಅವನ ಗೋಡೆಗಾಗಿ ಹೊಲಿಯುತ್ತಿದ್ದಳು, ಹಾಡುತ್ತಿದ್ದಳು. ಹೀಗೆ ಎರಡು ವರ್ಷ ಆಯಿತು.

ಹನ್ನೊಂದನೆಯ ಕೌದಿ ಬಾಗಿಲಿಗೆ ಬಿತ್ತು. ವ್ಯಾಪಾರಿ ಚಪ್ಪಾಳೆ ತಟ್ಟಿದ. ಸದ್ದು ಹತ್ತಿಯ ಮೂಟೆಗೆ ಬಿದ್ದ ಹಾಗೆ ಅಲ್ಲೇ ಸತ್ತಿತು. ಹೊರಗಿನದು ಎಳ್ಳಷ್ಟೂ ಇಲ್ಲ. ಅವನಿಗೆ ಕಪಾಟು ತುಂಬಿದ ಸಮಾಧಾನ. ಮೈಕನ್ನು ಡಬ್ಬಿಯಿಂದ ತೆಗೆದು ನಿಲ್ಲಿಸಿದ. ಅತ್ತೆಯನ್ನು ಕೈಹಿಡಿದು ತಂದು ಕುರ್ಚಿಯ ಮೇಲೆ ಕೂರಿಸಿದ.

"ಹಾಡತ್ತಿ."

ಅತ್ತೆ ಸುತ್ತ ನೋಡಿದಳು. ಗಂಟಲು ಸರಿ ಮಾಡಿಕೊಂಡಳು. ಮೊದಲ ನಾಲ್ಕು ಮಾತು ಬಂದವು. ಐದನೆಯದು ಬರಲಿಲ್ಲ. ಮತ್ತೆ ಮೊದಲಿಂದ ಹಿಡಿದಳು. ಮತ್ತೆ ಅಲ್ಲಿಗೇ ನಿಂತಿತು.

"ಕೈ ಖಾಲಿ ಇಟಗೊಂಡು ಹ್ಯಾಂಗ ಹಾಡ್ಲೋ ತಮ್ಮಾ?"

ಅವನು ಓಡಿ ಹೋಗಿ ಸೂಜಿ ದಾರ ತಂದ, ಒಂದು ತುಂಡು ಬಟ್ಟೆ ತಂದ. ಸೂಜಿ ಅವಳ ಬೆರಳಿನಿಂದ ಜಾರಿ ಬಿತ್ತು. ಎತ್ತಿ ಕೊಟ್ಟ. ಮತ್ತೆ ಬಿತ್ತು. ಹನ್ನೊಂದು ಕೌದಿ ಹೊಲಿದ ಬೆರಳುಗಳು ಗಂಟು ಕಟ್ಟಿ ಸೆಟೆದುಕೊಂಡಿದ್ದವು. ಕೊನೆಯದನ್ನು ಹೊಲಿಯುವಾಗಲೇ ಅವು ಸರಿಯಾಗಿ ಮಡಚುತ್ತಿರಲಿಲ್ಲ. ಹೊರಗೆ ಬಂದು ನೋಡಿದ್ದರೆ ಅವನಿಗೂ ತಿಳಿಯುತ್ತಿತ್ತು.

"ಮುಂದಿಂದು ಕೈಗೆ ಗೊತ್ತಿತ್ತೋ, ಬಾಯಿಗೆ ಗೊತ್ತಿಲ್ಲ," ಎಂದಳು ಅತ್ತೆ. ತಪ್ಪು ತನ್ನದೇ ಎಂಬಂತೆ ಸೆರಗು ಸರಿ ಮಾಡಿಕೊಂಡು ಎದ್ದು ಹೋದಳು.

ಮದ್ದು ಹಚ್ಚಿಸಿದ, ಎಣ್ಣೆ ತಿಕ್ಕಿಸಿದ, ಪೇಟೆಯ ವೈದ್ಯರಿಗೆ ತೋರಿಸಿದ. ನೋವು ಇಳಿಯಿತು, ಬೆರಳು ಮಡಚಲಿಲ್ಲ. ಅತ್ತೆ ಪಡಸಾಲೆಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೀದಿ ನೋಡುತ್ತ ಕೂರತೊಡಗಿದಳು. ವ್ಯಾಪಾರಿ ಒಳಗೆ ಕೂರುತ್ತಿದ್ದ. ಅಂಥ ಕೋಣೆ ಜಿಲ್ಲೆಯಲ್ಲೇ ಇರಲಿಲ್ಲ. ಅಲ್ಲಿ ಕೂತರೆ ಅವನ ಉಸಿರು ಅವನಿಗೆ ಕೇಳಿಸುತ್ತಿತ್ತು. ಬೇರೆ ಏನೂ ಕೇಳಿಸುತ್ತಿರಲಿಲ್ಲ.

ಒಂದು ದಿನ, ಮಾಡಲು ಬೇರೆ ಕೆಲಸವಿಲ್ಲದೆ, ನಂಬರು ಹಾಕಿಟ್ಟ ಚಪ್ಪಾಳೆಗಳನ್ನು ಕೊನೆಯಿಂದ ಹಿಂದಕ್ಕೆ ಕೇಳುತ್ತ ಹೋದ. ಹನ್ನೊಂದರಲ್ಲಿ ಬರಿ ಚಪ್ಪಾಳೆ. ಒಂಬತ್ತರಲ್ಲಿ ಅದರ ಹಿಂದೆ ಏನೋ ಒಂದು ಎಳೆ. ಆರರಲ್ಲಿ ಅದು ದನಿ ಎಂದು ಗೊತ್ತಾಗುತ್ತಿತ್ತು. ಮೂರರಲ್ಲಿ ಅದು ಅತ್ತೆಯ ದನಿ. ಒಂದರಲ್ಲಿ, ಮೂರು ಗೋಡೆಗಳು ಇನ್ನೂ ಬರಿದಾಗಿದ್ದಾಗ, ಮಾತುಗಳೇ ಬಿಡಿಬಿಡಿಯಾಗಿ ಕೇಳುತ್ತಿದ್ದವು: "ತವರಿನ ಸೀರ್ಯಾಗ ಒಂದು ತುಂಡ ಇಟ್ಟೇನ, ನೋಡವ್ವ..." ಅಷ್ಟರಲ್ಲಿ ಅವನ ಚಪ್ಪಾಳೆ. ಅದರ ಮುಂದೆ ಅವನೇ ನಿಲ್ಲಿಸಿದ್ದ.

ಎರಡು ವರ್ಷದ ಹಾಡಿನಲ್ಲಿ ಅವನ ಹತ್ತಿರ ಉಳಿದದ್ದು ಇಷ್ಟು.

ಅವನು ಅದನ್ನು ಅತ್ತೆಯ ಹತ್ತಿರ ಒಯ್ದು ಕಿವಿಗೆ ಹಿಡಿದ. ಮುಂದಿನ ಮಾತು ನೆನಪಾದೀತು ಎಂಬ ಆಸೆ. ಅತ್ತೆ ತಲೆ ಓರೆ ಮಾಡಿ ಕೇಳಿದಳು. ಇನ್ನೊಮ್ಮೆ ಹಚ್ಚು ಎಂದಳು. ಮೂರು ಸಲ ಕೇಳಿದಳು.

"ಯಾವಾಕಿನೋ, ಛಲೋ ಹಾಡ್ತಾಳ," ಎಂದಳು. "ಆದ್ರ ಹಾಡು ಹಿಡಿಯೂದ್ರಾಗ ಯಾವ ಮೂಳ ಹಂಗ ಬಡದು ನಿಲ್ಲಿಸ್ತಾನ?"

ಮಾಸ್ತರರು ಅಲ್ಲಿಗೆ ಕತೆ ಮುಗಿಸಿದರು.

"ಆಮೇಲೆ ವ್ಯಾಪಾರಿ ಏನು ಮಾಡಿದ ಮಾಸ್ತರ್?" ಎಂದು ನಿಂಗರಾಜ ಕೇಳಿದ.

"ಏನು ಮಾಡುತ್ತಾನೆ? ಮರುದಿನ ಅಂಗಡಿ ತೆಗೆದ."

"ಅಲ್ಲ, ನಾನು ಕೇಳಿದ್ದು..." ಎಂದು ನಿಂಗರಾಜ ಶುರು ಮಾಡಿದ.

"ನಿನ್ನ ಮನೆಯಲ್ಲಿ ಹಾಡುವವರಿಗೆ ಈಗ ವಯಸ್ಸೆಷ್ಟು?" ಎಂದರು ಮಾಸ್ತರರು.