ಗಡಿಯಾರದ ಸಾಹೇಬನ ಮೂರು ಮಾತು

ಇದನ್ನ ಎಲ್ಲೂ ಹೇಳಬೇಡ ಅಂತ ನಮ್ಮ ಚಿಕ್ಕಮ್ಮ ನನ್ನಿಂದ ಆಣೆ ಹಾಕಿಸ್ಕೊಂಡಿದ್ರು. ಅವರು ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್. "ಹೆಡ್‌ಮಾಸ್ಟರ್ ಕಿವಿಗೆ ಬಿದ್ರೆ, ಪಾಠ ಬಿಟ್ಟು ಕತೆ ಹೊಡೀತೀರಾ ಅಂತಾರೆ ಕಣೇ" ಅಂದಿದ್ರು. ಆದ್ರೂ ಹೇಳ್ತೀನಿ. ನಾನು ಯಾರ ಮುಂದೇನೂ ಕತೆ ಹೇಳಿದೋಳಲ್ಲ, ತಡವರಿಸಿದ್ರೆ ನಗಬೇಡಿ.

ಕಬ್ಬೂರು ಅನ್ನೋ ಕೋಟೆ ಊರಲ್ಲಿ ಒಂದಿನ ಡಂಗುರ ಹೊಡೆದ್ರು. "ಕೇಳ್ರಪ್ಪೋ ಕೇಳಿ! ಅರಮನೆ ಗಡಿಯಾರ ರಿಪೇರಿಗೆ ಬಂದ ಬಿಳಿ ಸಾಹೇಬ ಮೂರು ಮಾತು ಆಡಿ ಸೆರೆಮನೆ ಸೇರಿದ್ದಾನೆ. ಆ ಮೂರಕ್ಕೂ ಅರ್ಥ ಹೇಳಿದೋರಿಗೆ ದೊರೆಗಳು ಕೇಳಿದ್ದು ಕೊಡ್ತಾರೆ. ತಪ್ಪು ಹೇಳಿದೋರು ಸಾಹೇಬನ ಜೊತೆಗೇ ಒಳಗೆ. ಅಮಾವಾಸ್ಯೆಗೆ ಎಲ್ಲರ ತಲೆಯೂ ಒಟ್ಟಿಗೆ ಹೋಗುತ್ತೆ!"

ಅರ್ಥ ಗೊತ್ತಿದ್ದೋರು ಒಬ್ಬರು ಅರಮನೆಯಲ್ಲೇ ಇದ್ರು, ದುಭಾಷಿ ಅಯ್ಯಾಜಿ. ಆದ್ರೆ ಅಲ್ಲಿ ಹಳೇ ಕಟ್ಟಳೆ ಒಂದಿತ್ತು. ದುಭಾಷಿ ಆದೋನು ಕೇಳಿದ ಮಾತನ್ನ ಪದಕ್ಕೆ ಪದ ಹೇಳಬೇಕು. ಒಂದು ಪದ ಸೇರಿಸಿದ್ರೂ ನಾಲಿಗೆ ಕತ್ತರಿಸ್ತಾರೆ. ದೊರೆ ಕೇಳಿದ್ರೆ ಸರಿ, ತಪ್ಪು ಅಂತ ತಲೆ ಆಡಿಸಬಹುದು, ಅಷ್ಟೇ. ಸಾಹೇಬನನ್ನೇ ಕೇಳಬಹುದಿತ್ತಲ್ವಾ ಅಂತೀರಾ? "ತಲೆ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ತಾನೆ" ಅಂತ ದೊರೆ ಅವನ ಬಾಯಿ ಮುಚ್ಚಿಸಿದ್ರು.

ಮೊದಲು ಆಸ್ಥಾನದ ಪಂಡಿತರು ಬಂದು ಮೊದಲನೇ ಮಾತಿಗೇ ಒಳಗೆ ಹೋದ್ರು. ದಳವಾಯಿಯೂ ಅಷ್ಟೇ. ಆಮೇಲೆ ದೊಡ್ಡೀರ ಅಂತ ಒಬ್ಬ ಬಳೆಗಾರ, ಬಹುಮಾನದ ಆಸೆಗೆ ಬಂದ. ಮೊದಲನೇದು ಹೇಗೋ ದಾಟಿದ, ಎರಡನೇದರಲ್ಲಿ ಸಿಕ್ಕಿಬಿದ್ದ.

ಮಾರನೇ ದಿನ ಅವನ ತಮ್ಮ ಚಿಕ್ಕೀರ ಬಳೆ ಪೋಣಿಸಿದ ಮಲಾರ ಹೆಗಲ ಮೇಲೆ ಹಾಕ್ಕೊಂಡೇ ಅರಮನೆಗೆ ಬಂದ.

"ಏನಯ್ಯ, ಇಲ್ಲಿ ಬಳೆ ಮಾರೋಕೆ ಬಂದ್ಯಾ?" ಅಂದ್ರು ದೊರೆ.

"ಇಲ್ಲ ಬುದ್ಧಿ. ಅಣ್ಣ ಒಳಗಿದ್ದಾನೆ. ನಾನೂ ಒಂದು ಕೈ ನೋಡ್ತೀನಿ."

"ಇಂಗ್ಲಿಷ್ ಬರುತ್ತಾ?"

"ಇಲ್ಲ ಬುದ್ಧಿ."

ಸಭೆಯೆಲ್ಲಾ ನಕ್ತು. ದೊರೆ ಮಗಳು ಪದುಮಲೆ ಮಾತ್ರ ನಗಲಿಲ್ಲ. ಒಗಟು ಕೇಳೋಳು ಅವಳೇ.

"ನಿಂತು ಹೋದ ಗಡಿಯಾರ ತೋರಿಸಿ, ಇದನ್ನ ನಡೆಸೋದು ಕಷ್ಟವೇನು ಅಂತ ಅಪ್ಪಾಜಿ ಕೇಳಿದ್ರು. ಸಾಹೇಬ 'ಪೀಸ್ ಆಫ್ ಕೇಕ್' ಅಂದ. ಒಂದು ತುಂಡು ಕೇಕು ಅಂತ ಅಯ್ಯಾಜಿ ಹೇಳಿದ್ರು. ಪಂಡಿತರು ಅವನಿಗೆ ಹಸಿವು ಅಂದ್ರು. ದಳವಾಯಿ, ನಮ್ಮ ರಾಜ್ಯವನ್ನ ತುಂಡು ಮಾಡಿ ತಿಂತಾನೆ ಅಂದ್ರು. ನೀನೇನಂತೀಯಾ?"

"ಅಮ್ಮಣ್ಣಿ, ಅದನ್ನ ಅನ್ನುವಾಗ ಅವರ ಮುಖ ಹೇಗಿತ್ತು?"

"ಮುಖ ಯಾಕೋ?" ಅಂದ್ರು ದೊರೆ.

"ಬಳೆ ತೊಡಿಸುವಾಗ ನೋವಾಗುತ್ತಾ ಅಂತ ಕೇಳಿದ್ರೆ ಎಲ್ಲರೂ ಇಲ್ಲ ಅಂತಾರೆ ಬುದ್ಧಿ. ಬಾಯಿ ನಂಬಿದ್ರೆ ಬಳೆಯೂ ಹೋಯ್ತು, ಕೈಯೂ ಹೋಯ್ತು. ನಾವು ಮುಖ ನೋಡ್ಕೊಂಡೇ ಕೈ ಒತ್ತೋದು."

ಪದುಮಲೆ ನೆನಪು ಮಾಡ್ಕೊಂಡಳು. "ನಗ್ತಿದ್ದ. ಏನೂ ಅಲ್ಲ ಅನ್ನೋ ಹಾಗೆ ಕೈ ಬೀಸಿದ."

"ಹಾಗಾದ್ರೆ ಸುಲಭ ಅಂತ. ನಾವು ನೀರು ಕುಡಿದಷ್ಟು ಸುಲಭ ಅನ್ನಲ್ವಾ? ಅವರು ಕೇಕು ತಿಂತಾರೆ."

ದೊರೆ ಅಯ್ಯಾಜಿ ಕಡೆ ತಿರುಗಿದ್ರು. ಅಯ್ಯಾಜಿ ಹೌದು ಅಂತ ತಲೆ ಆಡಿಸಿದ್ರು.

"ಎರಡನೇದು," ಅಂದಳು ಪದುಮಲೆ. "ಗಡಿಯಾರಕ್ಕೆ ಹೊಸ ಸ್ಪ್ರಿಂಗ್ ಬೇಕು ಅಂದ. ಬೆಲೆ ಎಷ್ಟು ಅಂತ ಕೇಳಿದ್ವಿ. 'ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್' ಅಂದ. ಒಂದು ಕೈ, ಒಂದು ಕಾಲು ಅಂತೆ. ನಿಮ್ಮಣ್ಣ, ಅವರ ದೇಶದಲ್ಲಿ ಗಡಿಯಾರಕ್ಕೆ ನರಬಲಿ ಕೊಡ್ತಾರೆ ಅಂದ."

ಚಿಕ್ಕೀರ ಹಣೆ ಚಚ್ಚಿಕೊಂಡ. "ಆಗ ಮುಖ ಹೇಗಿತ್ತು ಅಮ್ಮಣ್ಣಿ?"

"ಸಂಕೋಚ ಪಟ್ಟ ಹಾಗಿತ್ತು. ನಮ್ಮನ್ನ ನೋಡದೆ ನೆಲ ನೋಡ್ತಿದ್ದ."

"ಅಯ್ಯೋ, ಅದು ನನ್ನ ಮುಖವೇ! ಒಳ್ಳೇ ಬಳೆ ರೇಟು ಹೇಳುವಾಗ ನಾನೂ ನೆಲ ನೋಡ್ತೀನಿ. ಬೆಲೆ ವಿಪರೀತ ಅಂತ ಬುದ್ಧಿ. ನಾವು ಬೆಲೆ ಕೈ ಸುಡುತ್ತೆ ಅಂತೀವಿ. ಯಾರ ಕೈಗಾದ್ರೂ ಬೊಬ್ಬೆ ಬಂದಿದ್ದು ಉಂಟಾ?"

ಅಯ್ಯಾಜಿ ಮತ್ತೆ ತಲೆ ಆಡಿಸಿದ್ರು. ಈಗ ಸಭೇಲಿ ಯಾರೂ ನಗ್ತಿರಲಿಲ್ಲ.

"ಮೂರನೇದು." ಪದುಮಲೆ ದನಿ ಸಣ್ಣಗಾಯ್ತು. "ನಾನು ಮೊದಲ ಸಲ ಸಭೇಲಿ ನಾಟ್ಯ ಮಾಡೋಕೆ ಹೊರಟಿದ್ದೆ. ಸಾಹೇಬ ಎದುರು ಬಂದು 'ಬ್ರೇಕ್ ಎ ಲೆಗ್' ಅಂದ."

"ಕಾಲು ಮುರ್ಕೋ ಅಂತ!" ದೊರೆ ಎದ್ದೇ ನಿಂತ್ರು. "ನನ್ನ ಮಗಳಿಗೆ!"

"ಮುಖ..." ಅಂದ ಚಿಕ್ಕೀರ.

"ಅಕ್ಕರೆಯಿಂದ ನಗ್ತಿದ್ದ. ನಮ್ಮ ಅಜ್ಜಿ ಹರಸೋ ಹಾಗೆ."

ಚಿಕ್ಕೀರ ತಲೆ ಕೆರ್ಕೊಂಡ. ಅಕ್ಕರೆಯ ಮುಖ, ಮುರಿಯೋ ಮಾತು. ಎರಡೂ ಒಂದಕ್ಕೊಂದು ಕೂಡ್ತಿಲ್ಲ. ತಪ್ಪಿದ್ರೆ ಅಮ್ಮನಿಗೆ ಇಬ್ಬರು ಮಕ್ಕಳೂ ಇರಲ್ಲ. ಹೆಗಲಿಂದ ಮಲಾರ ಜಾರಿತು. ಹಿಡಿಯೋಕೆ ಹೋದ, ಅಷ್ಟರಲ್ಲಿ ನಾಲ್ಕು ಬಳೆ ಚೂರಾದವು.

"ಅಯ್ಯೋ, ಬಳೆ ಹೆಚ್ಚಾಯ್ತಲ್ಲೋ!" ಅಂದಳು ಹಿಂದೆ ನಿಂತಿದ್ದ ದಾಸಿ.

ಚಿಕ್ಕೀರ ಅವಳನ್ನೇ ನೋಡಿದ. ಆಮೇಲೆ ದೊರೆಗೆ ಕೈ ಮುಗಿದ.

"ಬುದ್ಧಿ, ಬಳೆ ಒಡೀತು ಅಂತ ನಾವು ಅನ್ನಲ್ಲ, ಹೆಚ್ಚಾಯ್ತು ಅಂತೀವಿ. ದೀಪ ಆರಿಸು ಅನ್ನಲ್ಲ, ದೊಡ್ಡದು ಮಾಡು ಅಂತೀವಿ. ಕೆಟ್ಟದ್ದಕ್ಕೆ ಹೆದರಿ ಒಳ್ಳೇ ಮಾತು ಆಡ್ತೀವಿ. ಅವರು ಒಳ್ಳೇದಾಗಲಿ ಅಂತ ಕೆಟ್ಟ ಮಾತು ಆಡ್ತಾರೆ, ದೃಷ್ಟಿ ತಾಗಬಾರದು ಅಂತ ಇರಬೇಕು. ನಿನ್ನ ನಾಟ್ಯ ಚೆನ್ನಾಗಾಗಲಿ ಮಗಳೇ ಅಂತ ಹರಸಿದ್ದಾರೆ, ಅಷ್ಟೇ."

ಅಯ್ಯಾಜಿ ತಲೆ ಆಡಿಸಿದ್ರು, ಆಡಿಸ್ತಾನೇ ಇದ್ರು. ಅವರ ಕಣ್ಣಲ್ಲಿ ನೀರು.

ದೊರೆ ಮತ್ತೆ ಕೂತ್ಕೊಂಡ್ರು. "ಏನು ಬೇಕು ಕೇಳಯ್ಯ" ಅಂದ್ರು.

"ಅಣ್ಣ ಬೇಕು ಬುದ್ಧಿ."

ಸೆರೆಮನೇಲಿದ್ದ ಎಲ್ಲರನ್ನೂ ಬಿಟ್ರು. ಚಿಕ್ಕೀರ ಕೇಳದೇ ಇದ್ರೂ, ಕೋಟೆ ಬಾಗಿಲ ಪಕ್ಕ ಅವನಿಗೊಂದು ಬಳೆ ಅಂಗಡಿ ಹಾಕಿಸಿಕೊಟ್ರು. ದೊಡ್ಡೀರ ದಾರೀಲಿ, "ಎರಡನೇದು ನಂಗೂ ಹೊಳೆದಿತ್ತು ಕಣೋ" ಅಂದ. "ಹೂಂ ಕಣಣ್ಣ, ಬಾ, ಅಮ್ಮ ಕಾಯ್ತಿದ್ದಾಳೆ" ಅಂದ ಚಿಕ್ಕೀರ.

ದೊರೆಗೆ ಮಾತ್ರ ಸಮಾಧಾನ ಇರಲಿಲ್ಲ. ಸಂಜೆ ಅಯ್ಯಾಜಿನ ಕರ್ಕೊಂಡು, ಹಿಂದೆ ಕತ್ತಿ ಹಿಡಿದ ಆಳುಗಳ ಸಮೇತ, ಸಾಹೇಬನ ಬಿಡಾರಕ್ಕೆ ತಾವೇ ಹೋದ್ರು. ಸಾಹೇಬ ಬಾಗಿಲು ತೆಗೆದ. ದೊರೆ ತಲೆ ತಗ್ಗಿಸಿ, "ನಮ್ಮಿಂದ ತಪ್ಪಾಯ್ತು, ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ" ಅಂದ್ರು.

ಕಟ್ಟಳೆ ಕಟ್ಟಳೆಯೇ. ಅಯ್ಯಾಜಿ ಪದಕ್ಕೆ ಪದ ಇಂಗ್ಲಿಷಲ್ಲಿ ಹೇಳಿದ್ರು.

ಸಾಹೇಬ ತನ್ನ ಹೊಟ್ಟೆ ನೋಡ್ಕೊಂಡ. ಆಳುಗಳ ಕತ್ತಿ ನೋಡಿದ. ಮೆಲ್ಲಗೆ ಹಿಂದೆ ಸರಿದು ಬಾಗಿಲು ಹಾಕಿ ಒಳಗಿಂದ ಅಗುಳಿ ಜಡಿದ.

"ಸಾಹೇಬರೇ," ಅಂತ ದೊರೆ ಬಾಗಿಲು ತಟ್ಟಿದ್ರು. ಮತ್ತೆ ತಟ್ಟಿದ್ರು.

ಒಳಗೆ ಸಾಹೇಬ ಮಂಚ ಎಳೆದು ಬಾಗಿಲಿಗೆ ಅಡ್ಡ ಇಟ್ಟ ಸದ್ದು ಕೇಳಿಸ್ತು.