ಉದ್ದಂಡರಾಯ ದೇವರಾದದ್ದು

ಬೆಟ್ಟದಕೋಟೆಯ ದೊರೆ ಉದ್ದಂಡರಾಯನ ಸಭೆಗೆ ಒಬ್ಬ ಜಂಗಮ ಬಂದಿದ್ದ. ಹೊರಡುವಾಗ, “ರಾಯರೇ, ನಿಮ್ಮೊಳಗೂ ದೇವರಿದ್ದಾನೆ, ಮರೆಯಬೇಡಿ” ಎಂದು ಹರಸಿ ಹೋದ.

ರಾಯ ಮರೆಯಲಿಲ್ಲ. ಆದರೆ ‘ನಿಮ್ಮೊಳಗೂ’ ಎಂಬುದರ ಕೊನೆಯ ‘ಊ’ ಮಾತ್ರ ಅವನ ಕಿವಿಗೆ ಬೀಳಲಿಲ್ಲ. ಮರುದಿನವೇ ಡಂಗುರ ಹೊಡೆಸಿದ: “ದೊರೆಯೇ ದೇವರು! ಕಂಡವರೆಲ್ಲ ಉದ್ದಂಡ ನಮಸ್ಕಾರ ಹಾಕತಕ್ಕದ್ದು. ಹಾಕದವರಿಗೆ ಗಡೀಪಾರು!”

ಮಂತ್ರಿ ಅಡ್ಡಬಿದ್ದ. ಸೇನಾಪತಿಯೂ ಬಿದ್ದ, ಅವನ ಡೊಳ್ಳುಹೊಟ್ಟೆಯಿಂದಾಗಿ ಮತ್ತೆ ಎಬ್ಬಿಸಲು ನಾಲ್ಕು ಜನ ಬೇಕಾಯಿತು. ಅರಮನೆಯ ಅಡುಗೆಯ ಸಂಕವ್ವ ಮಾತ್ರ ನಿಂತೇ ಇದ್ದಳು.

“ಮಂಡಿನೋವು ಬುದ್ಧೀ. ಬಿದ್ದರೆ ಏಳೋಕಾಗಲ್ಲ.”

“ನಾಳೆ ಸಂಜೆಯೊಳಗೆ ಗಡಿ ದಾಟು!”

ಮುದುಕಿಯ ಕಣ್ಣು ತುಂಬಿತು. ಅವಳ ಕೈಯಡುಗೆ ಉಂಡು ಬೆಳೆದ ವಿದೂಷಕ ಗುಮ್ಮಣ್ಣನ ಕರುಳು ಚುರುಕ್ಕೆಂದಿತು. ಅವನು ಮುಂದೆ ಬಂದ.

“ಪ್ರಭು, ದೇವರು ಅಂದಮೇಲೆ ಪೂಜೆ ಬೇಡವೇ? ನಾಳೆ ನಾನೇ ಅರ್ಚಕ.”

“ಭೇಷ್!” ಎಂದ ರಾಯ.

ಕೋಳಿ ಕೂಗುವ ಮುಂಚೆಯೇ ಗುಮ್ಮಣ್ಣ ಜಾಗಟೆ ಬಡಿದು ದೊರೆಯನ್ನು ಎಬ್ಬಿಸಿದ. ಪೀಠದ ಮೇಲೆ ಕೂರಿಸಿ ತಲೆಯ ಮೇಲೆ ತಣ್ಣೀರು ಸುರಿದ. ಆಮೇಲೆ ಮೊಸರು, ಜೇನುತುಪ್ಪ, ಕಿವುಚಿದ ಬಾಳೆಹಣ್ಣು. ಇರುವೆಗಳು ಸಾಲುಗಟ್ಟಿ ಬಂದವು. ರಾಯ ಬೆನ್ನು ಕೆರೆಯಲು ಕೈಯೆತ್ತಿದ.

“ಎಲ್ಲಾದರೂ ದೇವರು ಕೆರೆದುಕೊಳ್ಳುವುದುಂಟೇ ಪ್ರಭು?”

ಎತ್ತಿದ ಕೈ ಕೆಳಗಿಳಿಯಿತು.

ಮಧ್ಯಾಹ್ನ ಬಿಸಿಬಿಸಿ ಹೋಳಿಗೆ ಬಂತು. ಗುಮ್ಮಣ್ಣ ಎಲೆಯನ್ನು ರಾಯನ ಮೂಗಿನ ಕೆಳಗೆ ಹಿಡಿದು, ಗಂಟೆ ಅಲ್ಲಾಡಿಸಿ, “ನೈವೇದ್ಯ ಆಯಿತು!” ಎಂದು ಸಭೆಯವರಿಗೆ ಹಂಚಿಬಿಟ್ಟ.

“ಏಯ್! ನನಗೆಲ್ಲಿ?”

“ದೇವರಿಗೆ ತೋರಿಸುವುದು, ಭಕ್ತರು ತಿನ್ನುವುದು. ಹಿಂದಿನಿಂದ ಬಂದ ಪದ್ಧತಿ ಪ್ರಭು” ಎಂದ ಗುಮ್ಮಣ್ಣ, ಹೋಳಿಗೆ ಅಗಿಯುತ್ತಲೇ.

ಸಂಜೆ ಕಡುಬಿಗೂ ಅದೇ ಗತಿ. ಸೇನಾಪತಿ ತೃಪ್ತಿಯಿಂದ ತೇಗಿದ. ಆ ತೇಗನ್ನು ರಾಯನಿಂದ ಸಹಿಸಲಾಗಲಿಲ್ಲ.

ಅವನು ಪೀಠದಿಂದ ಇಳಿದ. ಹುಟ್ಟಿದಾಗಿನಿಂದ ಒಮ್ಮೆಯೂ ತಪ್ಪೊಪ್ಪಿಕೊಂಡವನಲ್ಲ. ಆದರೂ ಇಡೀ ಸಭೆಗೆ ಕೇಳುವಂತೆ ಹೇಳಿದ:

“ನಾನು ದೇವರಲ್ಲ. ನನ್ನದು ತಪ್ಪಾಯಿತು. ಸಂಕವ್ವ, ನೀನೆಲ್ಲಿಗೂ ಹೋಗಬೇಡ. ಒಂದು ತುತ್ತು ಅನ್ನ ಕೊಡು ತಾಯಿ.”

ಹೇಳಿದ ಮೇಲೆ ಅವನಿಗೇ ಆಶ್ಚರ್ಯ. ಯುದ್ಧ ಗೆದ್ದಾಗಲೂ ಎದೆ ಇಷ್ಟು ಗಟ್ಟಿ ಅನ್ನಿಸಿರಲಿಲ್ಲ.

ಸಂಕವ್ವ ಕುಂಟುತ್ತ ಹೋಗಿ ಅನ್ನ ಸಾರು ತಂದಳು. “ಉಣ್ಣಿ ಬುದ್ಧೀ. ಹಸಿದವರ ಮೇಲೆ ಎಂಥ ಕೋಪ?”

ರಾಯ ತನಗೆ ಗೊತ್ತಿಲ್ಲದಂತೆಯೇ ಅವಳಿಗೆ ಎರಡೂ ಕೈ ಜೋಡಿಸಿದ.

ಮಂತ್ರಿ ಗಾಬರಿಯಾದ. “ಪ್ರಭು! ಅಡುಗೆಯವಳಿಗೆ ದೊರೆ ಕೈಮುಗಿಯುವುದೇ? ಸಿಂಹಾಸನದ ಮಾನ ಏನಾಗಬೇಕು?”

“ಮಂತ್ರಿಗಳೇ, ಇದರಲ್ಲಿ ದೊರೆಯ ಪಾಲೇನೂ ಇಲ್ಲ” ಎಂದ ಗುಮ್ಮಣ್ಣ. “ಅವರೊಳಗಿರುವ ದೇವರು ಅವಳೊಳಗಿನ ದೇವರಿಗೆ ಕೈಮುಗಿದ. ನಮ್ಮ ಪ್ರಭುಗಳು ಇವತ್ತು ಮಧ್ಯೆ ಅಡ್ಡ ನಿಲ್ಲಲಿಲ್ಲ, ಅಷ್ಟೇ!”

ಅಷ್ಟರಲ್ಲಿ ಮೊದಲ ತುತ್ತು ಬಾಯಿಗಿಟ್ಟಿದ್ದ ರಾಯ ಎಷ್ಟು ಜೋರಾಗಿ ನಕ್ಕನೆಂದರೆ ಸಾರು ನೆತ್ತಿಗೇರಿತು. ಕೆಮ್ಮುತ್ತಲೇ ಕೈಯ ಚಿನ್ನದ ಕಡಗ ಬಿಚ್ಚಿ ಗುಮ್ಮಣ್ಣನತ್ತ ಎಸೆದ. ಸಂಕವ್ವ “ನಿಧಾನ ಮಗಾ, ನಿಧಾನ” ಎನ್ನುತ್ತ ದೊರೆಯ ತಲೆ ತಟ್ಟಿದಳು.